ಹಫ್ಸಳ ಎದೆಗೆ ಅಂಟಿಸಿದ ಪಟ್ಟಿ

ಗುರುವಾಯನಕೆರೆ
೧೨-೨-೨೦೨೫

ಅಕ್ಷಿತಾ ಮಗಳೇ,

ಕೋಪ ಇಳಿಯಿತಾ? ಒಂಬತ್ತು ದಿನದಿಂದ ನೀನು ಫೋನ್ ತೆಗೆಯುತ್ತಿಲ್ಲ, ಅದಕ್ಕೇ ಈ ಕಾಗದ. ನಮ್ಮ ಜಗಳವೆಲ್ಲ ತುಳುವಿನಲ್ಲಿ, ಬರೆಯಲಿಕ್ಕೆ ಮಾತ್ರ ನನ್ನ ಏಳನೇ ಕ್ಲಾಸಿನ ಕನ್ನಡ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ದೊಡ್ಡ ತಪ್ಪಿಗೆ ಈಗ ಬರುತ್ತೇನೆ.

ಮಿಜಾರಿನ ನಿಮ್ಮ ಕಂಪನಿಯ ಪಟ್ಟಿಯನ್ನು ಎದೆಗೆ ಅಂಟಿಸಿಕೊಂಡರೆ ಇಲ್ಲಿಯ ಬಡಿತ ಅಲ್ಲಿ ನಿನ್ನ ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತದೆ ಅಂದಿದ್ದೆ ನೀನು. ತಾಲೂಕಿನ ನಲವತ್ತು ಮಂದಿಗೆ ಪರೀಕ್ಷೆಗೆ ಕೊಡುವಾಗ ಮೊದಲ ಹೆಸರು ನನ್ನದೇ ಬರೆದೆ. ನನಗೆ ಹೆದರಿಕೆಯಾಯಿತು. ನಿನ್ನ ಅಪ್ಪ ಎದೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ನನಗೂ ಎರಡು ವರ್ಷದಿಂದ ಗುಡ್ಡೆ ಹತ್ತುವಾಗ ಉಸಿರು ಸಿಗುವುದಿಲ್ಲ. ಹೇಳಿರಲಿಲ್ಲ. ಗೆರೆ ಸೊಟ್ಟ ಬಂದರೆ ನೋಡುವವಳು ನೀನೇ ಅಲ್ಲವಾ? ಅಪ್ಪನ ಹಾಗೆ ಅಮ್ಮನೂ ಎಂದು ನೀನು ಅಲ್ಲಿ ಒಬ್ಬಳೇ ಅಳುವುದು ಬೇಡ ಅನಿಸಿತು.

ಪಕ್ಕದ ಮನೆಯ ಹಫ್ಸ ದಿನಾ ನನ್ನ ಜಗಲಿಯಲ್ಲೇ ಬೀಡಿ ಕಟ್ಟುವವಳು, ಕಗ್ಗಲ್ಲಿನಂಥ ಗಟ್ಟಿ ಜೀವ. ನನ್ನ ಬದಲು ಅವಳಿಗೇ ಅಂಟಿಸಿದೆ. ನನ್ನ ಹೃದಯಕ್ಕೆ ಎಂತ ಆಗ್ತದೆ ರಾಜೀವಕ್ಕ, ಫಸ್ಟ್ ಕ್ಲಾಸಿನಲ್ಲಿ ಪಾಸ್ ಮಾಡಿ ಕೊಡ್ತೇನೆ ಅಂತ ನಕ್ಕಳು.

ನಾಲ್ಕನೇ ದಿನ ನೀನು ಫೋನ್ ಮಾಡಿ, ಅಮ್ಮಾ ಅಲುಗಾಡಬೇಡ, ಆಂಬುಲೆನ್ಸ್ ಹೊರಟಿದೆ ಎಂದು ಕಿರುಚಿದೆ. ನಾನು ಸೌದೆ ಒಡೆಯುತ್ತಿದ್ದೆ! ತಿರುಗಿ ನೋಡಿದರೆ ಹಫ್ಸ ಬೀಡಿಯ ಗೆರಸೆ ಬದಿಗಿಟ್ಟು ಬೆವರು ಒರೆಸಿಕೊಳ್ಳುತ್ತಾ, ಗ್ಯಾಸ್ ಮಾರಾಯ್ರೆ, ಸೋಡ ಉಂಟಾ ಅಂತ ಕೇಳುತ್ತಿದ್ದಳು. ನನಗೆಂದು ಬಂದ ಆಂಬುಲೆನ್ಸಿಗೆ ಅವಳನ್ನೇ ಹತ್ತಿಸಿಕೊಂಡು ಮಂಗಳೂರಿಗೆ ಓಡಿದೆ. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆಸ್ಪತ್ರೆಯ ಬಾಗಿಲಲ್ಲಿ ನೀನು ನನ್ನನ್ನು ತಬ್ಬಿಕೊಂಡದ್ದು, ವಿಷಯ ತಿಳಿದ ಕೂಡಲೇ ಕೈ ಬಿಟ್ಟದ್ದು, ಎರಡೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ನಿನ್ನ ಕೆಲಸಕ್ಕೇ ಸುಳ್ಳು ಬೆರೆಸಿದೆ ಮಗಳೇ. ನಾಚಿಕೆಯಾಗುತ್ತದೆ. ಆದರೆ ಹಫ್ಸ ನಿನ್ನೆ ಮನೆಗೆ ಬಂದಳು. ನಾನು ಕೊಟ್ಟ ಗಂಜಿ ಉಂಡು, ಉಪ್ಪೇ ಇಲ್ಲ ಎಂದು ಬೈದಳು. ಆ ಬೈಗುಳ ಕೇಳಿ ನನಗೆ ಅಳು ಬಂತು. ನಿಮ್ಮ ಪಟ್ಟಿ ಇನ್ನು ಬಂಟ್ವಾಳಕ್ಕೂ ಹೋಗುತ್ತದಂತೆ, ಇನ್ನೂರು ಮಂದಿಗೆ. ಅಂಟಿಸುವಾಗ ಮುಖದ ಫೋಟೊ ತೆಗೆಯಬೇಕಂತೆ. ಅವಳ ಮಗ ನಾಸಿರ್ ಹೇಳಿದ. ಆ ನಿಯಮ ನನ್ನಿಂದಲೇ ಬಂದದ್ದೆಂದು ಊರಿಡೀ ನಗುತ್ತಿದೆ. ನಗಲಿ. ನಿನ್ನ ಮಿಜಾರಿನ ಹತ್ತಿರ, ಮೂಡುಬಿದಿರೆ ಕಡೆ ಹೊರಟ ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ಬೈಗುಳಕ್ಕೆ ಕಾಯುತ್ತಿರುವ ಅಮ್ಮ,
ರಾಜೀವಿ

ಮತ್ತೊಂದು ಮಾತು: ನೀನು ಇಟ್ಟು ಹೋಗಿದ್ದ ಎರಡನೇ ಪಟ್ಟಿಯನ್ನು ಇಂದು ಬೆಳಿಗ್ಗೆ ಏಳಕ್ಕೆ ಆಶಾ ಕಾರ್ಯಕರ್ತೆಯ ಎದುರೇ ನನ್ನ ಎದೆಗೆ ಅಂಟಿಸಿಕೊಂಡಿದ್ದೇನೆ. ಫೋಟೊ ಉಂಟು. ಹತ್ತು ಗಂಟೆಗೆ ಗೆರೆ ಜೋರಾಗಿ ಹಾರಿದ್ದು ಕಂಡರೆ ಹೆದರಬೇಡ, ಅದು ಈ ಕಾಗದದ ಮೇಲೆ ನಿನ್ನ ಹೆಸರು ಬರೆದ ಹೊತ್ತು. ಬೇರೆ ಹೊತ್ತಿನಲ್ಲಿ ಹಾರಿದ್ದರೆ ಫೋನ್ ಮಾಡು. ನೀನು ಹೇಳಿದ ಆಸ್ಪತ್ರೆಗೆ ಬರುತ್ತೇನೆ.