ವಿಷಯ ಆರು: ಮಧ್ಯಾಹ್ನದ ನಿದ್ದಿ

ಕಲಬುರಗಿ, ಇಪ್ಪತ್ತೆರಡನೇ ಮಹಡಿ
ಮೇ 38, 2149, ಮಧ್ಯಾಹ್ನ ಒಂದೂವರಿ

ಮಹಾನಂದಾ ಆಯಿಗೆ ನೀಲಗಂಗಾ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ತಲಿ ಕೆಡಿಸಿಕೊಳ್ಳಬ್ಯಾಡ್ರಿ. ನಮ್ಮ ಕಾಲದಾಗ ಮಳಿ ಬೀಳೋತನಕ ಮೇ ತಿಂಗಳು ಮುಗಿಯಂಗಿಲ್ಲ. ಮೂವತ್ತೆರಡು, ಮೂವತ್ಮೂರು ಅಂತ ಎಣಿಸ್ಕೋತ ಹೋಗ್ತೀವಿ, ಮೊದಲ ಹನಿ ಬಿದ್ದ ದಿನಾನೇ ಜೂನ್ ಒಂದು. ನನ್ನ ಮಾತು ಎಲ್ಲೆರ ವಿಚಿತ್ರ ಅನಿಸಿದ್ರ ಹೊಟ್ಟಿಗಿ ಹಾಕ್ಕೊಳ್ರಿ, ನೂರಾ ಇಪ್ಪತ್ತು ವರ್ಷಕ್ಕ ಕಲ್ಲೇ ಸವೀತದ, ಮಾತು ಸವಿಯೂದಿಲ್ಲೇನು? ನಾ ನಿಮ್ಮ ಮೊಮ್ಮಗಳ ಮೊಮ್ಮಗಳು. ನನಗ ಈಗ ಅರವತ್ತೊಂದು, ನಿಮಗ ನಲವತ್ನಾಕು. ವಯಸ್ಸಿನಾಗ ನೀವು ಸಣ್ಣಾಕಿ, ಸಂಬಂಧದಾಗ ಆಯಿ. ಈ ಕಾಗದ ನಿಮ್ಮ ಕೈಗಿ ಹೆಂಗ ಬಂತು ಅಂತ ಕೇಳಬ್ಯಾಡ್ರಿ, ಬರದಾಕಿಗೇ ಪೂರಾ ತಿಳದಿಲ್ಲ. ನಾಳಿ ಹನ್ನೊಂದಕ್ಕ ಶಿಕ್ಷಕರ ಗೃಹ ನಿರ್ಮಾಣ ಸಂಘದ ಸಭಾ ಅದಲ್ಲ, ಅದಕ್ಕಿಂತ ಮೊದಲು ಓದಿ ಮುಗಿಸಿದ್ರ ಸಾಕು.

ಸಂಘದ ಕಾರ್ಯದರ್ಶಿ ನೀವು. ನಿಮ್ಮ ಮೇಜಿನ ಮ್ಯಾಲ ಮೂರು ಫೈಲ್ ಅವ. ಕಟ್ಟಸೂ ಇಪ್ಪತ್ತೆರಡು ಮಹಡಿಗಿ ಯಾವ ಹಸಿರು ಪ್ರಮಾಣಪತ್ರ ತಗೋಬೇಕು ಅನ್ನೋದೇ ಜಗಳ. ಮೊದಲನೇದು ಪರದೇಶದ್ದು, ನಕ್ಷಾ ನೋಡಿ, ಪಾಯಾ ತೋಡೂ ಮೊದಲೇ ಚಿನ್ನದ ಬಣ್ಣದ ಫಲಕ ಕೈಗಿ ಕೊಡ್ತದ. ಎರಡನೇದಕ್ಕ ಫಾರ್ಮ್ ತುಂಬಿದ್ರ ಮುಗೀತು. ಮೂರನೇದು ಭಾಳ ಹಠಮಾರಿ. ಜನ ಬಂದು ಇದ್ದ ಮ್ಯಾಲ ಎರಡು ಬ್ಯಾಸಿಗಿ ನೀರು, ಕರೆಂಟು, ಮನಿಯೊಳಗಿನ ಝಳ ಎಲ್ಲಾ ಅಳದು ಆಮ್ಯಾಲ ಫಲಕ. ಅದೂ ಮೊಳಿಗಿ ತೂಗು ಹಾಕೂದು, ಐದು ವರ್ಷಕ್ಕೊಮ್ಮಿ ಮತ್ತ ಅಳಿಯೂದು, ತಪ್ಪಿದ್ರ ಇಳಸೂದು. ನಿಮ್ಮೂರಿಗಿ ಹೊಂದೂ ಪರೀಕ್ಷಾ ಒಂದು ನೀವೇ ಸೇರಸ್ರಿ ಅಂತ ಅದರ ಕಡೀ ಪುಟದಾಗ ಒಂದು ಖಾಲಿ ಗೆರಿ ಬಿಟ್ಟಾರ.

ಹೋದ ಐತವಾರ ಏನಾಯ್ತು ನಿಮಗ ನೆನಪದ. ಮನಿ ಹಂಚಲಿಕ್ಕೆ ಚೀಟಿ ಎತ್ತಿದಾಗ ನಿಮ್ಮ ಪಾಲಿಗಿ ಛತ್ತಿನ ಕೆಳಗಿನ ಕಟ್ಟಕಡೀ ಮಹಡಿ ಬಂದದ. ನಿಮ್ಮ ಅತ್ತಿ ಗುರುಬಾಯಿ ಹೋದ ಬ್ಯಾಸಿಗ್ಯಾಗ ಬಾಡಿಗಿ ಮನಿ ತಗಡಿನ ಪತ್ರಾಸಿನ ಕೆಳಗ ಬವಳಿ ಬಂದು ಬಿದ್ದಿದ್ರು. ಅವರು ಸಭಾದ ಬಾಗಲದಾಗ ಕೂತು, ಅಧ್ಯಕ್ಷರ ಭಾಷಣ ಪೂರಾ ಕೇಳಿ, ಒಂದೇ ಮಾತು ಕೇಳಿದ್ರು: “ಚಿನ್ನದ ಫಲಕ ಹಚ್ಚಿದ ಮ್ಯಾಲ ಮಧ್ಯಾಹ್ನ ನಿದ್ದಿ ಬರ್ತದೇನ್ರಿ?” ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನಗಲಾರದಾಂವ ಕಾರಕೂನ ಮಾಣಿಕರಾಯ ಒಬ್ಬನೇ. ಸಭಾದಾಗ ಚಹಾ ಬಂದದ್ದೂ ಬರಿಯೂ ಮನಷ್ಯಾ ಅಂವ. ಠರಾವು ಪುಸ್ತಕದಾಗ ದುಂಡಗ ಬರದೇಬಿಟ್ಟ: “ವಿಷಯ ಆರು: ಮಧ್ಯಾಹ್ನದ ನಿದ್ದಿ.” ಬರದ ಮ್ಯಾಲ ಅದನ್ನ ಪಾಸು ಮಾಡಬೇಕು, ಇಲ್ಲಾ ಕಾರ್ಯದರ್ಶಿ ತನ್ನ ಕೈಯಾರೆ ಗೀಟು ಹೊಡೀಬೇಕು. ನಾಳಿ ಗೀಟು ಹೊಡೀರಿ, ಆಮ್ಯಾಲ ಚಿನ್ನದ ಫಲಕಕ್ಕ ಕೈ ಎತ್ತರಿ ಅಂತ ಅಧ್ಯಕ್ಷರು ನಿಮಗ ಹೇಳ್ಯಾರ. ಚಿನ್ನದ ಫಲಕಕ್ಕ ನಾಕು ಮತ, ಮೂರನೇ ಫೈಲಿಗಿ ನಾಕು, ನಡುವ ನೀವೊಬ್ಬರು.

ನಮ್ಮ ಕಾಲದಾಗ ಆ ಖಾಲಿ ಗೆರಿಯಾಗ ವಿಷಯ ಆರು ಕೂತದ, ಆಯಿ. ಅದರ ಪುಣ್ಯಾ, ನನಗ ಒಂದು ಹುದ್ದೆ ಸಿಕ್ಕದ. ನಾ ಈ ವರ್ಷದ ನಿದ್ದಿಗಾರ್ತಿ. ನಗಬ್ಯಾಡ್ರಿ, ಊರಾಗ ಇದಕ್ಕಿಂತ ಮಾನದ ಕೆಲಸ ಇಲ್ಲ! ಪರೀಕ್ಷಾದ ದಿನ ಅರವತ್ತು ದಾಟಿದ ಒಬ್ಬಾಕಿ ಕಟ್ಟಕಡೀ ಮಹಡ್ಯಾಗ ಉಂಡು ಮಲಗಬೇಕು. ಏಸಿ ಹಚ್ಚಂಗಿಲ್ಲ, ಫ್ಯಾನ್ ಸಣ್ಣಗ ತಿರಗಬಹುದು. ಎರಡೂವರಿ ಒಳಗ ನಿದ್ದಿ ಹತ್ತಿದ್ರ ಫಲಕ ಉಳೀತದ, ಹತ್ತಲಿಲ್ಲಂದ್ರ ಸಂಜೀಕ ಇಳಸ್ತಾರ. ಇವತ್ತು ಇಪ್ಪತ್ನಾಕನೇ ಪರೀಕ್ಷಾ. ಬಾಗಲದಾಗ ಸಾಕ್ಷಿ ಖುರ್ಷೀದಾ ಕೂತಾಳ; ಸಾಕ್ಷಿ ಬ್ಯಾರೆ ಕಟ್ಟಡದಾಕಿನೇ ಆಗಿರಬೇಕು. ಹೊರಗ ನಲವತ್ತೊಂಬತ್ತು ಡಿಗ್ರಿ. ನನ್ನ ತಲಿದಿಂಬಿನ ಹಂತ್ಯಾಕ ಮೂವತ್ತು.

ಇದು ಮಾಯಾ ಮಂತ್ರ ಅಲ್ಲ. ಛತ್ತಿನ ಮ್ಯಾಲ ಮೊಳದೆತ್ತರಕ್ಕ ಶಹಾಬಾದ್ ಫರಸಿ ಎತ್ತಿ ಇನ್ನೊಂದು ಛತ್ತು ಹೊಚ್ಚ್ಯಾರ. ಕಟ್ಟಡದ ನಡುವ ತಳದಿಂದ ತುದೀತನಕ ಗಾಳಿಬಾವಿ ಅದ, ಅಂದ್ರ ನೀರಿಲ್ಲದ ಬಾವಿ. ಬಿಸಿಗಾಳಿ ಅದರಾಗ ಮ್ಯಾಲ ಏರಿ ಹೋಗ್ತದ, ಅದರ ಹಿಂದ ತಳದ ತಣ್ಣನ ಗಾಳಿ ಮನಿಯೊಳಗ ಬರ್ತದ. ಗಾಳಿ ಜೋಡಿ ವಾಸನೀನೂ ಏರ್ತದ ನೋಡ್ರಿ, ನಾಕನೇ ಮಹಡ್ಯಾಗ ಪುಂಡಿಪಲ್ಯ ಕುದ್ದ್ರ ನನಗ ಇಲ್ಲೇ ಗೊತ್ತಾಗ್ತದ. ಯಾರ ಮನ್ಯಾಗ ಏನು ಬೇಯ್ತದ ಅನ್ನೋದು ಗುಟ್ಟಾಗಿ ಉಳದಿಲ್ಲ. ನೆರಳುಪಾಲು ಅಂತ ಒಂದು ಕಾಯ್ದೆ ಅದ: ನಿನ್ನ ಗೋಡಿ ಆಜೂಬಾಜೂದವರಿಗಿ ಎಷ್ಟು ನೆರಳು ಕೊಡ್ತದ ಅಂತ ನಾಕು ಗಂಟೇಕ ಗೆರಿ ಎಳದು ನೋಡ್ತಾರ. ಮದವಿ ಮಾತುಕತಿಯಾಗ ಈಗ ಅದನ್ನೂ ಕೇಳ್ತಾರ.

ಎದುರಿಗಿ ಒಂದು ಗಾಜಿನ ಕಟ್ಟಡ ಅದ. ಅವರ ಸಂಘ ಚಿನ್ನದ ಫಲಕ ಆರಿಸ್ತು, ಬಾಗಲದಾಗ ಸಿಮೆಂಟ್ ಹಾಕಿ ಕೂಡಿಸ್ತು. ಮ್ಯಾಲ ಥಳಕು, ಒಳಗ ಹುಳುಕು. ಅದರ ಮ್ಯಾಗಿನ ಎಂಟು ಮಹಡ್ಯಾಗ ಈಗ ಮನಷ್ಯಾರಿಲ್ಲ, ಹಪ್ಪಳ ಸಂಡಿಗಿ ಒಣಗಸ್ತಾರ. ಎರಡು ತಾಸಿಗಿ ಖಣಖಣ! ಸಂಡಿಗಿ ಛಲೋ ಇರ್ತಾವ, ಸುಳ್ಳು ಹೇಳಬಾರದು. ಫಲಕ ಇನ್ನೂ ಮಿಂಚ್ತದ.

ನಾವೂ ಒಮ್ಮೆ ಬಿದ್ದೀವಿ. 2094ರಾಗ ವಾಸನಿ ತಾಳಲಾರದ ಕೆಲವರು ಗಾಳಿಬಾವಿಗಿ ಪ್ಲಾಸ್ಟಿಕ್ ಹಾಳಿ ಬಡದು ಮುಚ್ಚಿದ್ರು. ಆ ವರ್ಷದ ನಿದ್ದಿಗಾರ್ತಿ ಬೆವತು ಎದ್ದು ಕೂತು ಅತ್ತಳಂತ. ಫಲಕ ಇಳೀತು, ಐದು ವರ್ಷ ಬರೇ ಮೊಳಿ. ನಾ ಆಗ ಆರು ವರ್ಷದ ಹುಡುಗಿ, ಆ ಮೊಳಿ ನೋಡಿ ನಮ್ಮವ್ವ ತಲಿ ತಗ್ಗಿಸಿ ಒಳಗ ಹೋಗೂದು ನೋಡೀನಿ. ಮರುವರ್ಷ ಹೆಣ್ಣಮಕ್ಕಳೇ ಹತ್ತಿ ಆ ಹಾಳಿ ಹರದು ಹಾಕಿದ್ರು. ಇಳಸೂ ಫಲಕ ಆಗಿದ್ದಕ್ಕೇ ನಮಗ ನಾಚಿಕಿ ಬಂತು, ನಾಚಿಕಿ ಬಂದದ್ದಕ್ಕೇ ಉಳಕೊಂಡ್ವಿ. ನಾ ಎದಿ ಮುಟ್ಟಿ ಹೇಳ್ತೀನಿ, ಗೆದ್ದೀವಿ ಆಯಿ. ಈಗ ಊರಾಗ ಇಂಥವು ನೂರಾ ಎಂಟು ಕಟ್ಟಡ ಅವ, ಎಲ್ಲದರಾಗೂ ಮುದುಕೇರು ಮಧ್ಯಾಹ್ನ ಮಲಗ್ತಾರ. ಬಿಸಲಿಗಿ ಬವಳಿ ಬಂದು ಬೀಳೂದು ಹೆಂಗಿರ್ತದ ಅಂತ ನಮ್ಮ ಹುಡುಗರಿಗಿ ವಿವರಿಸಿ ಹೇಳಬೇಕಾಗ್ತದ.

ಹಂಗಾರ ಗೆದ್ದ ಮ್ಯಾಲ ಈ ಕಾಗದ ಯಾಕ ಅಂತೀರಿ. ನಿಮ್ಮ ಠರಾವು ಪುಸ್ತಕ ಕೆಳಗ ಬಾಗಲದಾಗ ಕಪಾಟಿನಾಗ ಅದ, ನಿನ್ನೆ ತಗದು ನೋಡಿದೆ. ವಿಷಯ ಆರರ ಮೊದಲ ಅಕ್ಷರದ ಮ್ಯಾಲ ಒಂದು ಮಸಿ ಚುಕ್ಕಿ ಅದ. ಗೀಟು ಹೊಡೀಲಿಕ್ಕೆ ನೀವು ಪೆನ್ನು ಊರೀರಿ, ಆಮ್ಯಾಲ ಎತ್ತೀರಿ. ಯಾಕ ಎತ್ತಿದ್ರಿ, ಯಾರಿಗೂ ತಿಳೀದು. ಈ ಕಾಗದ ಓದಿದ್ದಕ್ಕೇ ಎತ್ತಿದ್ರೇನೋ! ನಾ ಬರೀಲಾರದ ಬಿಟ್ಟು, ನೀವು ಆ ಪೆನ್ನು ಎಳದಿದ್ರ? ಕುಂಬಾರಗ ವರುಷ, ದೊಣ್ಣಿಗಿ ನಿಮಿಷ ಅಂತಾರಲ್ಲ. ಅದಕ್ಕ ಉಂಡಾಕಿನೇ ಬರೀಲಿಕ್ಕೆ ಕೂತೆ.

ನಾಳಿ ಎಲ್ಲಾರೂ ನಗ್ತಾರ. ನಗಲಿ ಬಿಡ್ರಿ. ಪೆನ್ನು ಎತ್ತರಿ, ಮೂರನೇ ಫೈಲಿಗಿ ಕೈ ಎತ್ತರಿ. ಖುರ್ಷೀದಾ ಆಗಿನಿಂದ “ಬರಿಯೂದು ಸಾಕು, ಮಲಗ್ರಿ ಅಕ್ಕಾ” ಅನ್ನಲಿಕ್ಕತ್ಯಾಳ. ಇನ್ನೂ ಭಾಳ ಹೇಳೂದಿತ್ತು, ಆದ್ರ ಬಾವಿ ಗಾಳಿ ತಣ್ಣಗ ಕಾಲಿಗಿ ಬಡ್ಯಾಕತ್ತದ, ಅಕ್ಷರ ಸೊಟ್ಟ ಬರಾಕತ್ಯಾವ. ಗುರುಬಾಯಿಯವರಿಗಿ ಅವರ ಮಾತಿಗಿ ಉತ್ತರ ಮುಟ್ಟಸ್ರಿ. ಬರ್ತದ್ರಿ ಅಂತ ಹೇಳ್ರಿ. ಮಧ್ಯಾಹ್ನ ನಿದ್ದಿ ಛಂದಾಗಿ ಬರ್ತ

(ಸಾಕ್ಷಿಯ ಟಿಪ್ಪಣಿ: ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ನಿದ್ದಿಗಾರ್ತಿಯ ಕೈಯಿಂದ ಪೆನ್ನು ಜಾರಿತು. ಗೊರಕೆ ಬಾಗಿಲತನಕ ಕೇಳಿಸುತ್ತಿದೆ. ವಿಷಯ ಆರು ಪಾಸು. — ಖುರ್ಷೀದಾ)