ಕಾಲಿಗೆ ಬ್ರೇಕು ಸಿಕ್ಕ ದಿನ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಪೆನ್ನು ಬೆರಳಿನಿಂದ ಜಾರುತ್ತಿತ್ತು ಕಣೆ. ಇವತ್ತು ನಿನ್ನ ಭಾವ ಅದಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದಾರೆ. ಅಕ್ಷರ ಕೋಳಿಕಾಲಿನಂತಿದ್ದರೆ ನಗಬೇಡ.

ಮೊದಲು ಸಿಹಿಸುದ್ದಿ. ಹೋದ ಸೋಮವಾರದಿಂದ ನಾನು ಮತ್ತೆ ಬಸ್ಸು ಓಡಿಸುತ್ತಿದ್ದೇನೆ.

ನೀನು ಬಸುರಿ, ಆಮೇಲೆ ಬಾಣಂತಿ ಎಂದು ಫೋನಿನಲ್ಲಿ "ಆರಾಮಾಗಿದೀನಿ" ಎಂದಷ್ಟೇ ಹೇಳುತ್ತಿದ್ದೆ. ಹೋದ ತಿಂಗಳು ಬಂದಾಗಲೂ ನೀನಿದ್ದದ್ದು ಒಂದೇ ದಿನ. ಪಟ್ಟ ಪಾಡನ್ನೆಲ್ಲ ಈಗ ಹೇಳಿಬಿಡುತ್ತೇನೆ. ಕೀಮೋ ಗಡ್ಡೆಯ ಹುಟ್ಟಡಗಿಸಿತು, ಜೊತೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಚಚ್ಚಿಹಾಕಿತು. ಬಾಯಿತುಂಬ ಹುಣ್ಣು. ನೀರು ಕುಡಿದರೂ ತುಕ್ಕಿನ ರುಚಿ. ಸೋಪಿನ ವಾಸನೆಗೂ ವಾಂತಿ. ಕೂದಲು ಉದುರಿದಾಗ ಅಷ್ಟು ಅಳಲಿಲ್ಲ, ಹುಬ್ಬು ಹೋದಾಗ ಅತ್ತೆ. ನಿನ್ನ ಭಾವ ನನ್ನ ಮುಖವನ್ನೇ ನೋಡಿ, "ಬೈತಿದೀಯೋ ನಗ್ತಿದೀಯೋ ಗೊತ್ತೇ ಆಗಲ್ವಲ್ಲೇ" ಎಂದರು. ಅಳುತ್ತಲೇ ನಕ್ಕೆ.

ಆದರೆ ನನ್ನನ್ನು ನಿಜವಾಗಿ ಕೆಡವಿದ್ದು ಕಾಲು. ಅಂಗಾಲು ಮರಗಟ್ಟಿಹೋಯಿತು. ನಡೆದರೆ ಹತ್ತಿಯ ಮೇಲೆ ನಡೆದಂತೆ, ಚಪ್ಪಲಿ ಕಳಚಿಕೊಂಡರೂ ತಿಳಿಯುತ್ತಿರಲಿಲ್ಲ.

"ಔಷಧಿಯಿಂದ ನರಗಳಿಗೆ ಪೆಟ್ಟು ಬಿದ್ದಿದೆ. ಸರಿಹೋಗಬಹುದು, ಹೋಗದೇನೂ ಇರಬಹುದು" ಎಂದರು ಡಾಕ್ಟರಮ್ಮ.

"ಬಸ್ಸು?" ಎಂದೆ.

"ಬ್ರೇಕು ಕಾಲಿಗೆ ಗೊತ್ತಾಗೋವರೆಗೂ ಬೇಡ."

ಡಿಪೋದಲ್ಲಿ ನನ್ನನ್ನು ವಿಚಾರಣೆಯ ಕಿಟಕಿಯ ಹಿಂದೆ ಕೂರಿಸಿದರು. ಔಷಧಿಗೆ ಬೆರಳಿನ ಗೆರೆಗಳೂ ಸವೆದು, ಹಾಜರಿ ಯಂತ್ರ ನಾನು ಯಾರೋ ಎಂಬಂತೆ ಕೊಂಯ್‌ಗುಡುತ್ತಿತ್ತು. ಬೆಳಗಾದರೆ ನನ್ನ ಬಸ್ಸು ಬೇರೆಯವರ ಕೈಯಲ್ಲಿ ಗೇಟು ದಾಟುವುದನ್ನು ನೋಡಬೇಕು. ಹೊಟ್ಟೆ ಉರಿಯುತ್ತಿತ್ತು.

ಚಳಿಗಾಲದಲ್ಲಿ ಹಟ ಹಿಡಿದು ಬಸ್ಸು ಓಡಿಸುವ ಪರೀಕ್ಷೆಗೆ ಹೋದೆ. ಪರೀಕ್ಷಕರು ನನಗೆ ಬಸ್ಸು ಕಲಿಸಿದ ಗುರುಗಳೇ. ಡಿಪೋದವರೆಲ್ಲ ಅವರನ್ನು ಕರೆಯುವುದು ಸಿಡುಕಪ್ಪ ಎಂದು. ಅಂಗಳದಲ್ಲಿ ಒಂದು ಸುತ್ತು ಮುಗಿಯುವ ಮೊದಲೇ, "ಇಳಿಯಮ್ಮ. ನೀನು ರಸ್ತೆ ನೋಡ್ತಿಲ್ಲ, ನಿನ್ನ ಕಾಲು ನೋಡ್ತಿದೀಯ" ಎಂದರು. ನಿಜ. ಕಾಲು ಪೆಡಲಿನ ಮೇಲಿದೆಯೋ ಇಲ್ಲವೋ ನನಗೆ ಕಣ್ಣೇ ಹೇಳಬೇಕಿತ್ತು.

ಆಮೇಲೆ ದಿನವೂ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಇಳಿದೆ, ಅಂಗಾಲಿನಡಿ ಚೆಂಡು ಉರುಳಿಸಿದೆ. ಒಂದು ಬೆಳಿಗ್ಗೆ ಬಚ್ಚಲಿಗೆ ಕಾಲಿಟ್ಟವಳು ಕಿರುಚಿಬಿಟ್ಟೆ. ನಿನ್ನ ಭಾವ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

"ಬಿದ್ಯಾ?"

"ಇಲ್ಲ. ನೆಲ ತಣ್ಣಗಿದೆ" ಎಂದೆ.

ಅವರು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತರು.

ಈ ತಿಂಗಳ ಮೊದಲಲ್ಲಿ ಡಾಕ್ಟರಮ್ಮ ಒಪ್ಪಿಗೆ ಕೊಟ್ಟರು. ಮತ್ತೆ ಅದೇ ಅಂಗಳ, ಅದೇ ಸಿಡುಕಪ್ಪ. ಹೇಳದೆ ಕೇಳದೆ "ನಿಲ್ಸು" ಎಂದು ಗದರುತ್ತಿದ್ದರು. ಗದರಿದಾಗಲೆಲ್ಲ ಬಸ್ಸು ನಿಂತಿತು, ನನ್ನ ಕಣ್ಣು ರಸ್ತೆ ಬಿಡಲಿಲ್ಲ. ಕೊನೆಗೆ ಅವರು ಇಳಿದು, ಮುಖ ಆಚೆ ತಿರುಗಿಸಿಕೊಂಡು, "ಗಾಡಿ ನಿಂದೇ, ತಗೊಂಡು ಹೋಗು" ಎಂದರು.

ಸೋಮವಾರ ಸೇತುವೆಯ ಹತ್ತಿರ ಪ್ರಯಾಣಿಕನೊಬ್ಬ, "ಏನಮ್ಮಾ, ಬಸ್ಸು ಓಡಿಸ್ತಿದೀಯೋ ಆಮೆ ಓಡಿಸ್ತಿದೀಯೋ? ಕೆಲಸಕ್ಕೆ ತಡ ಆಗ್ತಿದೆ" ಎಂದು ರೇಗಿದ. ಒಂದು ವರ್ಷದಿಂದ ಎಲ್ಲರೂ ನನ್ನೊಡನೆ ಪಿಸುದನಿಯಲ್ಲೇ ಮಾತಾಡುತ್ತಿದ್ದರು ಪುಟ್ಟಿ. ಆ ಬೈಗುಳ ಎಷ್ಟು ಹಿತವಾಯಿತೆಂದರೆ, ರಸ್ತೆ ಖಾಲಿಯಿದ್ದರೂ ಉದ್ದಕ್ಕೆ ಒಂದು ಹಾರ್ನ್ ಹೊಡೆದೆ.

ನಿನ್ನವರಿಗೆ ನನ್ನ ನೆನಪು ಹೇಳು. ಮಗು ನೂರ್ಕಾಲ ಬಾಳಲಿ. ನಿನ್ನ ನಿದ್ದೆ ನಿನಗೆ ಬೇಗ ವಾಪಸು ಸಿಗಲಿ.

ನಿನ್ನ
ಅಕ್ಕ

ತಾ.ಕ.: ಕಾಲು ಮರಳಿತು, ಬೆರಳ ತುದಿಗಳು ಮರಳಿಲ್ಲ. ಇನ್ನು ಬರಲಾರವು ಎನ್ನುತ್ತಾರೆ ಡಾಕ್ಟರಮ್ಮ. ಸ್ಟೀರಿಂಗಿಗೇನೋ ಅಂಗೈ ಸಾಕು. ಆದರೆ ಅವತ್ತು ನೀನು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ಕೆನ್ನೆ ಮುಟ್ಟಿ ನೋಡಕ್ಕಾ, ಎಷ್ಟು ಮೆತ್ತಗಿದೆ" ಎಂದೆಯಲ್ಲ, ಮುಟ್ಟಿದೆ. ಬೆರಳಿಗೆ ಏನೂ ತಿಳಿಯಲಿಲ್ಲ. ನೀನು ನೀರು ತರಲು ಒಳಗೆ ಹೋದಾಗ ಬಗ್ಗಿ ತುಟಿ ತಾಗಿಸಿದೆ. ಹೌದು ಪುಟ್ಟಿ, ಮೆತ್ತಗಿದೆ.