ಎವಾಂಥಿಯಾಳಿಗೆ ಸಿಕ್ಕ ಪುಟ್ಟ ಗುಡಿ

ನವೆಂಬರ್ ೮, ನಾಕ್ಸೊಸ್ ದ್ವೀಪ.

ಎವಾಂಥಿಯಾ ತೀರಿಕೊಂಡು ಇಂದಿಗೆ ಒಂದು ವರ್ಷ. ಮಗಳ ವರ್ಷದ ಪೂಜೆಯನ್ನು ಚರ್ಚಿನ ಪಕ್ಕಕ್ಕೆ ಅಂಟಿಕೊಂಡ ಪುಟ್ಟ ಗುಡಿಗೆ ತಳ್ಳಿದರೆಂಬ ಸಿಟ್ಟು ಬೆಳಗಿನವರೆಗೂ ಇಳಿದಿರಲಿಲ್ಲ.

ಪಾದ್ರಿ ಲೆಫ್ಟೆರಿಸ್ ನಿನ್ನೆ ಮನೆಗೇ ಬಂದು ಹೇಳಿದ್ದರು: "ನಾಳೆ ದೇವದೂತರ ಹಬ್ಬ, ಮೇಷ್ಟ್ರೇ. ಒಂದು ಪೀಠದ ಮೇಲೆ ದಿನಕ್ಕೆ ಒಂದೇ ಪೂಜೆ. ಅದಕ್ಕೇ ಅಲ್ವೇ ಹಿರೀಕರು ಪಕ್ಕದಲ್ಲಿ ಇನ್ನೊಂದು ಪೀಠ ಕಟ್ಟಿದ್ದು? ನಿಮಗೆ ಹಳೇ ಪಾದ್ರಿ ಯಾಕೊವೊಸ್ ಅಜ್ಜ ಬರ್ತಾರೆ. ಕಿವಿ ಕೇಳಿಸಲ್ಲ ಅವರಿಗೆ, ವಾದ ಮಾಡ್ಬೇಡಿ."

"ನನ್ನ ಮಗಳಿಗೆ ಮೂಲೆಯೇ?" ಎಂದು ಕಾಲೇಜಿನ ಚರ್ಚಾಸ್ಪರ್ಧೆಯ ದನಿಯಲ್ಲಿ ಗುಡುಗಿದ್ದೆ.

ಪ್ರಸಾದದ ಗೋಧಿ ಬೇಯಿಸುತ್ತಿದ್ದ ಹೆಂಡತಿ ಮಾರಿಗೋ ತಿರುಗಿಯೂ ನೋಡಲಿಲ್ಲ. "ಗೆದ್ಕೊಂಡು ಬಂದು ಯಾರಿಗ್ರೀ ಹೇಳ್ತೀರಾ? ಕೇಳೋಳೇ ಇಲ್ಲ ಈಗ."

ಬೆಳಗಾದ ಮೇಲೆ ಗೋಧಿಯ ತಟ್ಟೆ ಹಿಡಿದು ಅವಳ ಹಿಂದೆ ಗುಡಿಗೆ ನಡೆದೆ.

ಗುಡಿಯಲ್ಲಿ ನಾಲ್ವರು ನಿಲ್ಲುವಷ್ಟೇ ಜಾಗ. ಧೂಪದ ಹೊಗೆಯಲ್ಲಿ ಗೋಡೆಯ ಮಾಸಿದ ನೀಲಿ ಮೆಲ್ಲಗೆ ಉಸಿರಾಡುತ್ತಿರುವಂತೆ, ನಾವು ನೀರಿನ ತಳದಲ್ಲಿ ನಿಂತಿರುವಂತೆ ತೋರಿತು. ಯಾಕೊವೊಸ್ ಅಜ್ಜ ಸಣ್ಣ ದನಿಯಲ್ಲಿ "ಎವಾಂಥಿಯಾ" ಎಂದರು. ಅದೇ ಗಳಿಗೆಗೆ ಕಮಾನಿನ ಆಚೆ, ದೊಡ್ಡ ಚರ್ಚಿನಲ್ಲಿ ಕಿಕ್ಕಿರಿದಿದ್ದ ಹಬ್ಬದ ಜನರೆಲ್ಲ ಒಕ್ಕೊರಲಿನಿಂದ "ಕರ್ತನೇ, ಕರುಣಿಸು" ಎಂದು ಹಾಡಿದರು. ಅವರಿಗೆ ಅವಳ ಹೆಸರು ಕೇಳಿಸಿರಲಿಕ್ಕಿಲ್ಲ. ಆದರೂ ಇಡೀ ದ್ವೀಪವೇ ಅವಳಿಗೆ ಓಗೊಟ್ಟಿತು.

ಅದು ಕೇವಲ ಕಾಕತಾಳೀಯವೆಂದು ಸಾಧಿಸಿ ತೋರಿಸಬಲ್ಲೆ. ಪ್ರತಿವಾದವೂ ಸಿದ್ಧವಿತ್ತು. ಆದರೆ ಅಜ್ಜ ಮತ್ತೊಮ್ಮೆ ಅವಳ ಹೆಸರು ಹೇಳಲೆಂದು ಕಾಯುತ್ತಾ ನಾನು ಕಮಾನಿನತ್ತ ಕಿವಿಗೊಟ್ಟು ನಿಂತೆ.